ಹಬ್ಬದ ದಿನ ಎತ್ತದ ಗರಗಸ

"ಕವಲು ಕವಲಾಗಿ ಬೆಳೆಯೋ ಹವಳಕ್ಕೆ ಇಕ್ಕಳ ಸಾಕು ಕಣವ್ವ. ಕಡ್ಡಿ ಮುರಿದ ಹಾಗೆ ಟಕ್ ಅಂತ ಬರ್ತದೆ. ಮೆತ್ತಗಿರೋದಕ್ಕೆ ಹೊಸ ಬ್ಲೇಡು. ಹಳೇದಾದ್ರೆ ಮೈ ಹರಿದು ಲೋಳೆ ಸುರಿಸ್ತದೆ. ಗುಂಡುಕಲ್ಲಿನ ಥರಾ ಇರೋದಕ್ಕೆ ಮಾತ್ರ ಇಕ್ಕಳ ಬೇಡ, ಉಳಿನೂ ಬೇಡ, ಪುಡಿಪುಡಿ ಆಗೋಗ್ತದೆ. ಅದಕ್ಕೆ ಸಣ್ಣ ಹಲ್ಲಿನ ಗರಗಸ. ಉಪ್ಪುನೀರು ಹುಯ್ಕೊಂಡು ನಿಧಾನಕ್ಕೆ ಎಳೀಬೇಕು. ಅಯ್ಯೋ ಪಾಪ ಅಂತ ಮಧ್ಯದಲ್ಲಿ ಕೈ ನಿಲ್ಲಿಸಿದ್ರೆ ಕೊಯ್ತ ಸೊಟ್ಟಾಗ್ತದೆ. ಪಾಪ ಅನ್ನೋದೆಲ್ಲ ಮುಂಚೇನೇ ಅಂದು ಮುಗಿಸ್ಬಿಡು."

ಕೆಲಸಕ್ಕೆ ಹೊಸದಾಗಿ ಬಂದ ಊರಿನ ಸೊಸೆಯಂದಿರಿಗೆಲ್ಲ ಮೆನ್ ರೆನಿಂಗ್ ಹೇಳುತ್ತಿದ್ದ ಮಾತು ಇದು. ಬಾಲಿಯ ಬಡಗಣ ತೀರದ ಆ ಕಪ್ಪು ಮರಳಿನ ಊರಿನಲ್ಲಿ ಹವಳ ಕೊಯ್ದು, ಸಿಮೆಂಟಿನ ಬಿಲ್ಲೆಗೆ ಅಂಟಿಸಿ, ಕಡಲಡಿಯ ಚೌಕಟ್ಟಿನ ಮೇಲೆ ಬೆಳೆಸುತ್ತಾರೆ. ಬೆಳೆದದ್ದು ದೂರದೇಶದವರ ಗಾಜಿನ ತೊಟ್ಟಿ ಸೇರುತ್ತದೆ.

ತಾಯಿಯನ್ನು ಚೊಚ್ಚಲ ಮಗುವಿನ ಹೆಸರಿಂದ ಕರೆಯುವುದು ಅಲ್ಲಿಯ ರೂಢಿ. ಮೆನ್ ರೆನಿಂಗ್ ಎಂದರೆ ರೆನಿಂಗಳ ತಾಯಿ. ಮಗಳು ಜ್ವರದಲ್ಲಿ ಹೋದಳು. ಹೆಸರು ತಾಯಿಯ ಬಳಿಯೇ ಉಳಿಯಿತು. ಯಾರು ಕೂಗಿದರೂ ಅವಳು ಓಗೊಡುತ್ತಿದ್ದಳು.

ಉಳಿದದ್ದು ಇನ್ನೊಂದು. ರೆನಿಂಗ್ ನೆಟ್ಟಿದ್ದ ಹೆಬ್ಬೆರಳಷ್ಟು ಹವಳದ ಚೂರು ಈಗ ಬೋಗುಣಿಯಷ್ಟು ದೊಡ್ಡ ಗುಂಡುಕಲ್ಲಿನಂತಾಗಿತ್ತು, ಮೈತುಂಬ ಹಸಿರು ಸುಳಿ. ಬೇರೆ ತಾಯಿಹವಳಗಳನ್ನು ವರ್ಷ ವರ್ಷವೂ ಕೊಯ್ದು ನೆಡಲು ನೆರೆಹೊರೆಗೆ ಹಂಚುತ್ತಿದ್ದವಳು ಇದಕ್ಕೆ ಮಾತ್ರ ಅಲಗು ತಾಗಿಸಿರಲಿಲ್ಲ.

ಆ ಸಲ ಕಡಲ ನೀರು ಕಾದು ಹವಳಕ್ಕೆ ರೋಗ ತಂದಿತ್ತು. ಮುಳುಗು ಹಾಕಿ ಬಂದ ಮೈದುನ ಪಾನ್ ಸಿರ್ತ ತಲೆ ಕೂಡ ಒರೆಸಿಕೊಳ್ಳದೆ ಅಂಗಳಕ್ಕೆ ಬಂದ.

"ಅತ್ತಿಗೆ, ರೆನಿಂಗಳ ಹವಳ ಒಂದು ಮಗ್ಗುಲಿಂದ ಸುಲೀತಾ ಇದೆ. ಬೆಳ್ಳಗೆ ಮೂಳೆ ಕಾಣ್ತದೆ. ಚೆನ್ನಾಗಿರೋ ಭಾಗನ ಇವತ್ತೇ ಕೊಯ್ದು ಬೇರೆ ಮಾಡು."

ಅಂದು ತುಂಪೆಕ್ ಲಂಡೆಪ್, ಕಬ್ಬಿಣದ ಹಬ್ಬ. ಇಕ್ಕಳ, ಉಳಿ, ಗರಗಸ ಎಲ್ಲವೂ ಮಿಂದು, ಹೂವು ಅನ್ನದ ಎಡೆಯ ಮುಂದೆ ಮಲಗಿದ್ದವು.

"ಪೂಜೆಗಿಟ್ಟ ಗರಗಸ ಎತ್ತು ಅಂತೀಯಾ? ನಿನ್ನ ಸ್ಕೂಟರಿಗೂ ಗರಿ ಕಟ್ಟಿ ನಿಲ್ಸಿದ್ದೀಯಲ್ಲ, ಓಡಿಸು ನೋಡೋಣ."

"ಸ್ಕೂಟರಿಗೇನು ಜ್ವರ ಬಂದಿದ್ಯಾ?" ಎಂದವನು ನಾಲಿಗೆ ಕಚ್ಚಿಕೊಂಡ. ಆಮೇಲೆ ಮೆಲ್ಲಗೆ, "ಹೋದ ಹಬ್ಬದಲ್ಲಿ ಗಿರಾಕಿ ಅವಸರ ಮಾಡ್ದಾಗ ಗರಗಸಕ್ಕೆ ಕೈಮುಗಿದು ಎತ್ಕೊಂಡೆಯಲ್ಲ ಅತ್ತಿಗೆ" ಎಂದ.

"ನಾಳೆ" ಎಂದಳು ಅವಳು.

ಮರುದಿನ ನೀರು ಇಳಿದಾಗ ಹವಳವನ್ನು ಬೋಗುಣಿಯಲ್ಲಿ ಮೇಲೆ ತಂದರು. ಬಿಳುಪು ನಡುವನ್ನೂ ದಾಟಿತ್ತು. ಪಾನ್ ಸಿರ್ತ ಇಕ್ಕಳ ಚಾಚಿದ, ಬೇಗ ಮುಗಿಯಲಿ ಎಂದು.

"ಇದಕ್ಕೆ ಅದು ಬೇಡ" ಎಂದು ಅವಳು ಗರಗಸ ತೆಗೆದುಕೊಂಡಳು. ರೋಗದ ಅಂಚು ಬಿಟ್ಟು ಎರಡು ಬೆರಳು ಒಳಗೆ, ಹಸಿರಾಗಿರುವ ಜಾಗದಲ್ಲೇ ಹಲ್ಲು ಊರಬೇಕು. ಊರಿದ ಕೈ ಮುಂದೆ ಹೋಗಲಿಲ್ಲ.

"ಕೊಡು ಅತ್ತಿಗೆ, ನಾನೇ..."

"ನೀನು ನೀರು ಹುಯ್ಯಿ."

ಎಳೆದಳು. ಕೊಯ್ತ ನೇರವಾಗಿಯೇ ಬಂತು. ಉಳಿದ ಹಸಿರು ಭಾಗವನ್ನು ತುಂಡು ತುಂಡು ಮಾಡಿ, ಅಯೋಡಿನ್ ನೀರಿನಲ್ಲಿ ಅದ್ದಿ, ಬಿಲ್ಲೆಗೆ ಅಂಟಿಸಿ, ತಣ್ಣಗಿರುವ ಆಳದ ಚೌಕಟ್ಟಿಗೆ ಕಳಿಸಿದಳು.

ಒಂದೊಂದಾಗಿ ಎಲ್ಲವೂ ಬೆಳ್ಳಗಾದವು. ಕೊನೆಯದನ್ನು ಪಾನ್ ಸಿರ್ತ ತಂದು ಅವಳ ಅಂಗೈಯಲ್ಲಿಟ್ಟ.

"ಹಬ್ಬದ ದಿನಾನೇ ಕೊಯ್ದಿದ್ರೆ ಉಳೀತಿತ್ತೇನೋ?"

"ಯಾರಿಗೆ ಗೊತ್ತು ಅತ್ತಿಗೆ."

"ವರ್ಷ ವರ್ಷ ಕೊಯ್ದು ಕೊಟ್ಟಿದ್ರೆ, ಇವತ್ತು ಯಾರ ಚೌಕಟ್ಟಲ್ಲಾದ್ರೂ ಒಂದು ಚೂರು ಇರ್ತಿತ್ತು. ಕೇಳ್ಕೊಂಡು ಬರ್ತಿದ್ದೆ."

ಬೇಲಿಯಾಚೆಯಿಂದ ನೆರೆಯವಳು ಕೂಗಿದಳು: "ಮೆನ್ ರೆನಿಂಗ್, ನಿಮ್ಮ ಗರಗಸ ಒಂದು ಗಳಿಗೆ ಕೊಡ್ತೀರಾ?"

"ಬಂದೆ, ಇರವ್ವ. ಉಪ್ಪು ತೊಳೆದು ಕೊಡ್ತೀನಿ."

ಬಿಲ್ಲೆಯನ್ನು ಪಕ್ಕಕ್ಕಿಟ್ಟು, ಗರಗಸವನ್ನು ಸಿಹಿನೀರಿನಲ್ಲಿ ತೊಳೆದಳು. ಬಟ್ಟೆಯಿಂದ ಒರೆಸಿ, ತೆಂಗಿನೆಣ್ಣೆ ಬೆರಳಿಗೆ ಹಚ್ಚಿಕೊಂಡು ಹಲ್ಲು ಹಲ್ಲಿಗೂ ಸವರತೊಡಗಿದಳು.