ಹಡಗಿನಲ್ಲಿ ಊಟಕ್ಕೆ ಕರೆಯುವವರು ಯಾರು?

ಹಡಗು ಇನ್ನೂ ಮುಂಬಯಿ ಬಂದರಿನಲ್ಲೇ ಹಗ್ಗ ಬಿಗಿಸಿಕೊಂಡು ನಿಂತಿತ್ತು. ಅಷ್ಟರೊಳಗೆ ನಮ್ಮ ಅತ್ತಿಗೆ ಅದರೊಳಗೆ ಕಳೆದುಹೋದರು.

ಇದು ಸಿರ್ಸಿ ಬಸ್‌ಸ್ಟ್ಯಾಂಡಿನಲ್ಲಿ ಕಳೆದುಹೋದ ಹಾಗಲ್ಲ. ಅಲ್ಲಾದರೆ ಪರಿಚಯದವರು ಯಾರಾದರೂ ಸಿಕ್ಕಿ, ‘ನಿಮ್ಮ ಅತ್ತಿಗೆ ಯಲ್ಲಾಪುರ ಬಸ್ಸಿನ ಹತ್ರ ನಿಂತಿದ್ರಪ್ಪ’ ಎಂದು ಹೇಳಿಯೇ ಹೇಳುತ್ತಾರೆ. ಇಲ್ಲಿ ಮಹಡಿಯ ಮೇಲೆ ಮಹಡಿ. ಎಲ್ಲ ಕಾರಿಡಾರೂ ಒಂದೇ ಥರ, ಎಲ್ಲ ಬಾಗಿಲೂ ಒಂದೇ ಥರ, ಕಾರ್ಪೆಟ್ಟಿನ ಹೂವೂ ಒಂದೇ ಥರ. ಸಾಲದ್ದಕ್ಕೆ ಅತ್ತಿಗೆಗೆ ಶುಗರ್ ಇದೆ. ಊಟಕ್ಕೆ ಮೊದಲಿನ ಮಾತ್ರೆ ನುಂಗಿ ಆಗಿತ್ತು. ಊಟ ಆಗಿರಲಿಲ್ಲ.

ಹೋದ ವಾರ ಸಿದ್ದಾಪುರದ ಓದುಗರೊಬ್ಬರು ಫೋನ್ ಮಾಡಿದ್ದರು. ‘ನಾವೂ ಕ್ರೂಸ್ ಬುಕ್ ಮಾಡಿದ್ದೇವೆ. ನೀವು ಹೋಗಿ ಬಂದವರಲ್ವಾ? ಹತ್ತುವ ದಿನ ಏನೇನು ಮಾಡಬೇಕು ಅಂತ ಒಂದ್ಸಲ ಬರೀರಿ’ ಎಂದರು. ಬರೆಯೋಣ ಎಂದು ಕೂತೆ. ಕೂತ ಮೇಲೆ ಗೊತ್ತಾಯಿತು, ಆ ದಿನ ನಾವು ಮಾಡಿದ್ದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದು ನನಗೇ ಇನ್ನೂ ಬಗೆಹರಿದಿಲ್ಲ. ಆದ್ದರಿಂದ ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಸಾರ ನೀವೇ ಸೋಸಿಕೊಳ್ಳಿ.

ಹೋದವರು ಮೂವರು. ನಾನು, ನಮ್ಮನೆಯವರು, ಮತ್ತು ಅವರ ಅಕ್ಕ. ಅಂದರೆ ಮಂಚಿಕೇರಿಯ ಅತ್ತಿಗೆ. ಹಡಗಿನಲ್ಲಿ ಕೂರಬೇಕು ಎಂಬ ಆಸೆ ಅತ್ತಿಗೆಯದೇ. (ಘಟ್ಟ ಇಳಿದರೆ ಕುಮಟೆಯಲ್ಲಿ ಸಮುದ್ರ ಸಿಗುತ್ತದೆ. ಅದನ್ನು ಬಿಟ್ಟು ರೈಲು ಹತ್ತಿ ಮುಂಬಯಿಗೆ ಹೋಗಿ ಸಮುದ್ರ ನೋಡುವವರು ನಾವು.)

ಬಂದರಿನ ಕಟ್ಟಡದೊಳಗೆ ಕಾಲಿಟ್ಟದ್ದೇ ತಡ, ಸಮವಸ್ತ್ರದ ಒಬ್ಬಾತ ಬಂದು ನಮ್ಮ ದೊಡ್ಡ ಬ್ಯಾಗುಗಳಿಗೆ ಒಂದೊಂದು ಚೀಟಿ ಕಟ್ಟಿದ. ಆಮೇಲೆ ಅವನ್ನು ಗಾಡಿಯ ಮೇಲೆ ಹಾಕಿಕೊಂಡು ಹೊರಟೇಬಿಟ್ಟ.

‘ಏ ತಮಾ, ಅದು ನಮ್ಮದು!’ ಅತ್ತಿಗೆ ಎರಡು ಹೆಜ್ಜೆ ಅವನ ಹಿಂದೆ ಓಡಿದರು.

‘ರೂಮಿಗೆ ತಂದು ಕೊಡ್ತ್ವಡ ಅಕ್ಕಾ’ ಎಂದರು ಇವರು.

‘ರಶೀದಿ ಕೊಟ್ಟಿದ್ನನಾ?’

‘ಇಲ್ಲೆ.’

‘ಹಂಗಾರೆ ಹ್ಯಾಂಗೆ ತಂದು ಕೊಡ್ತ? ನಮ್ಮ ಮುಖ ನೆನಪಿಟ್ಗತ್ನಾ?’

ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ ಪ್ರಶ್ನೆ. ಕೇಳುವ ಧೈರ್ಯ ಅತ್ತಿಗೆಗಿತ್ತು, ನನಗಿರಲಿಲ್ಲ, ಅಷ್ಟೇ. ದಾರಿಗೆಂದು ತಂದಿದ್ದ ಬಿಸ್ಕೆಟ್ಟು, ಬಾಳೆಹಣ್ಣು, ಅವಲಕ್ಕಿಯ ಡಬ್ಬಿ ಎಲ್ಲವೂ ಆ ಬ್ಯಾಗಿನೊಳಗೇ ಹೋದವು. ಅತ್ತಿಗೆಯ ಕೈಚೀಲದಲ್ಲಿ ಉಳಿದದ್ದು ಮಾತ್ರೆಯ ಹಾಳೆ, ಕರವಸ್ತ್ರ, ಕನ್ನಡಕದ ಪೆಟ್ಟಿಗೆ. (ಓದುಗರೇ, ಮಾತ್ರೆ ಕೈಚೀಲದಲ್ಲಿರಲಿ ಎಂದು ಎಲ್ಲರೂ ಹೇಳುತ್ತಾರೆ. ಮಾತ್ರೆಯ ಮೇಲೆ ತಿನ್ನಲು ಏನಾದರೂ ಇರಲಿ ಎಂದು ಯಾರೂ ಹೇಳುವುದಿಲ್ಲ.)

ಮುಂದೆ ಸಾಲು. ಆಧಾರ್ ನೋಡಿದರು, ಫೋಟೋ ತೆಗೆದರು, ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಕೊಟ್ಟರು. ಇದೇ ರೂಮಿನ ಬೀಗದ ಕೈ, ಇದೇ ಪರ್ಸು, ಇದೇ ಗುರುತಿನ ಚೀಟಿ, ಕಳೆಯಬೇಡಿ ಎಂದರು. ಅತ್ತಿಗೆ ಆ ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಮೆಟಲ್ ಡಿಟೆಕ್ಟರು, ಮತ್ತೆ ಸಾಲು, ಮತ್ತೆ ಕಾರ್ಡು ತೋರಿಸು. ಸೊಂಟದಿಂದ ತೆಗಿ, ಕರವಸ್ತ್ರ ಬಿಚ್ಚು, ತೋರಿಸು, ಸುತ್ತು, ಸಿಕ್ಕಿಸು. ನಮ್ಮ ಹಿಂದಿದ್ದವರು ನಿಟ್ಟುಸಿರು ಬಿಟ್ಟಿದ್ದು ನನಗೆ ಕೇಳಿಸಿತು.

ಯಾವಾಗ ನೆಲ ಮುಗಿದು ಹಡಗು ಶುರುವಾಯಿತು? ಗೊತ್ತಾಗಲೇ ಇಲ್ಲ. ಒಂದು ಇಳಿಜಾರಿನ ಓಣಿ, ಒಂದು ಬಾಗಿಲು, ಆಮೇಲೆ ಮದುವೆ ಹಾಲಿನ ಹಾಗೆ ಝಗಝಗಿಸುವ ದೊಡ್ಡ ಲಾಬಿ. ‘ಹಡಗು ಎಲ್ಲಿದ್ದು?’ ಎಂದು ಅತ್ತಿಗೆ ಕೇಳಿದರು. ‘ಇದೇಯಡ’ ಎಂದೆ.

ಬಾಗಿಲಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಎದೆಗೆ ಕೈಯಿಟ್ಟು ನಕ್ಕು, ‘ವೆಲ್‌ಕಮ್, ರೂಮ್ ಇನ್ನೂ ರೆಡಿ ಇಲ್ಲ, ಲಂಚ್ ಮೇಲುಗಡೆ ಇದೆ, ಎಂಜಾಯ್’ ಎಂದಳು. ಇಂಗ್ಲಿಷಿನಲ್ಲಿ, ಒಂದೇ ಉಸಿರಿನಲ್ಲಿ. ನಾವು ಲಾಬಿಯ ಸೋಫಾದಲ್ಲಿ ಕೂತೆವು. ಅತ್ತಿಗೆ ಗಡಿಯಾರ ನೋಡಿದರು. ನೀರು ಇಸಕೊಂಡು ಮಾತ್ರೆ ನುಂಗಿದರು. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

ಕೂತರು ಎಂದರೆ ಕೂತೇ ಕೂತರು.

‘ಅತ್ಗೆ, ಉಂಬಲೆ ಹೋಪನ?’

‘ಕರೆಯಲಿ ತಡಿ.’

‘ಬಾಗಿಲಲ್ಲಿದ್ದ ಆ ಕೂಸು ಆಗಲೇ ಹೇಳ್ತಲೆ, ಲಂಚ್ ಮೇಲೆ ಇದ್ದು ಹೇಳಿ.’

‘ಅದು ಬಂದವಕ್ಕೆಲ್ಲ ಹೇಳ್ತಾ ಇದ್ದು. ನಮ್ಮ ಕರದ್ದಲ್ಲ.’

ನೀವು ನಗಬಹುದು. ನಮ್ಮ ಕಡೆಯವರಾದರೆ ನಗುವ ಮೊದಲು ಒಂದು ಗಳಿಗೆ ಯೋಚಿಸುತ್ತೀರಿ. ಮದುವೆಮನೆಯಲ್ಲಿ ಬಾಳೆಲೆ ಹಾಕಿ ಆಗಿರುತ್ತದೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಡಿಸಿರುವುದು ಚಪ್ಪರದಲ್ಲಿ ಕೂತವರಿಗೆ ಕಾಣುತ್ತಲೂ ಇರುತ್ತದೆ. ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಯಾರಾದರೂ ಏಳುತ್ತಾರೆಯೇ? ಇಲ್ಲ. ಮನೆಯವರೊಬ್ಬರು ಎದುರಿಗೆ ಬಂದು, ಮುಖ ನೋಡಿ, ‘ಬಾಳೆ ಹಾಕಿದ್ದು, ಏಳಿ’ ಎನ್ನಬೇಕು. ಆಗಲೂ ಮೊದಲ ಸಲಕ್ಕೆ ‘ಅವಸರ ಇಲ್ಲೆ’ ಎನ್ನುವುದು ಮರ್ಯಾದೆ. ಎರಡನೆಯ ಸಲಕ್ಕೆ ಏಳುವುದು. ಅತ್ತಿಗೆಯಂತೂ ನೆಂಟರ ಮನೆಗಳಲ್ಲಿ ಈ ಕರೆಯುವ ಕೆಲಸಕ್ಕೇ ಪ್ರಸಿದ್ಧರು. ಅಂಗಳದ ಮೂಲೆಯಲ್ಲಿ ಪೇಪರು ಓದುತ್ತ ಕೂತವರನ್ನೂ ಬಿಡುವವರಲ್ಲ. ಅಂಥವರು ತಾವಾಗಿ ಎದ್ದು ತಟ್ಟೆ ಹಿಡಿಯುತ್ತಾರೆಯೇ?

ಅವರ ಹಣೆಯ ಮೇಲೆ ಬೆವರು ಮೂಡಿತು. ಲಾಬಿಯಲ್ಲಿ ಎ.ಸಿ. ಗಡಗಡ ನಡುಗಿಸುವಷ್ಟಿತ್ತು. ಆ ಬೆವರು ನನಗೆ ಗೊತ್ತು. ಇವರನ್ನು ‘ಬ್ಯಾಗು ಬಂತಾ ನೋಡಿ, ಬಿಸ್ಕೆಟ್ ತನ್ನಿ’ ಎಂದು ರೂಮಿನ ಕಡೆ ಅಟ್ಟಿದೆ. ‘ಅತ್ಗೆ, ನೀ ಇಲ್ಲೇ ಕೂತ್ಕ, ಏಳಡ, ಆನು ಉಂಬಲೆ ತತ್ತೆ’ ಎಂದು ನಾನು ಮೇಲೆ ಓಡಿದೆ.

ಮೇಲಿನ ಊಟದ ಹಾಲನ್ನು ವರ್ಣಿಸುವ ಶಕ್ತಿ ನನಗಿಲ್ಲ. ಅನ್ನ ಯಾವ ಮೂಲೆಯಲ್ಲಿದೆ ಎಂದು ಹುಡುಕುವುದರೊಳಗೆ ನಾನು ಪಾಸ್ತಾ, ಪಾವ್‌ಭಾಜಿ, ಬಣ್ಣಬಣ್ಣದ ಜೆಲ್ಲಿ ಎಲ್ಲವನ್ನೂ ಎರಡೆರಡು ಸಲ ದಾಟಿದೆ. ಕೊನೆಗೆ ಮೊಸರನ್ನ ಸಿಕ್ಕಿತು. ತಟ್ಟೆಗೆ ಹಾಕಿ, ಇನ್ನೊಂದು ತಟ್ಟೆ ಮುಚ್ಚಿ, ಲಿಫ್ಟಿನಲ್ಲಿ ಇಳಿದೆ. ಬಾಗಿಲು ತೆರೆಯಿತು. ಅದೇ ಲಾಬಿ, ಅದೇ ಸೋಫಾ. ಅತ್ತಿಗೆ ಇಲ್ಲ.

ಅದೇ ಲಾಬಿ ಹೌದೇ? (ಹಡಗಿಗೆ ಮುಂದೊಂದು ಲಿಫ್ಟು, ಹಿಂದೊಂದು ಲಿಫ್ಟು. ಹೊರಗೆ ನೋಡಲು ಕಿಟಕಿಯಿಲ್ಲ. ಮುಂದೆ ಯಾವುದು, ಹಿಂದೆ ಯಾವುದು ಎಂದು ತಿಳಿಯುವ ಉಪಾಯವೇನು? ನನಗೆ ಇಂದಿಗೂ ಗೊತ್ತಿಲ್ಲ.) ಇನ್ನೊಂದು ತುದಿಗೆ ನಡೆದೆ. ಅಲ್ಲಿ ಚಪ್ಪಲಿ ಅಂಗಡಿ. ಹಡಗಿನಲ್ಲಿ ಚಪ್ಪಲಿ ಯಾರು ಕೊಳ್ಳುತ್ತಾರೆ? ಅದನ್ನು ಯೋಚಿಸುವ ಹೊತ್ತೇ ಅದು? ಮತ್ತೆ ವಾಪಸು. ಲಾಬಿ ಅದೇ. ಸೋಫಾದ ಮೇಲೆ ಅತ್ತಿಗೆ ನೀರು ಕುಡಿದ ಲೋಟ ಇತ್ತು. ಅತ್ತಿಗೆ ಮಾತ್ರ ಇರಲಿಲ್ಲ.

ಅವರ ಮೊಬೈಲಿಗೆ ಫೋನ್ ಮಾಡಿದೆ. ಅದು ನನ್ನ ಚೀಲದೊಳಗೇ ರಿಂಗಾಯಿತು.

ಇವರಿಗೆ ಮಾಡಿದೆ. ‘ನಿಂಗ ಎಲ್ಲಿದ್ರಿ? ಅತ್ಗೆ ಕಾಣ್ತಿಲ್ಲೆ!’

‘ಆನು ಎಲ್ಲಿದ್ದೆ ಹೇಳಿ ಯಂಗೇ ಗೊತ್ತಿಲ್ಲೆ. ಇಲ್ಲೊಂದು ಈಜುಕೊಳ ಇದ್ದು.’

ಅದೇ ಹೊತ್ತಿಗೆ ಹಡಗು ಕೂಗತೊಡಗಿತು. ಎದೆ ಒಡೆಯುವ ಹಾಗೆ, ಬಿಟ್ಟು ಬಿಟ್ಟು. ಜನರೆಲ್ಲ ನಾನಿರುವ ಕಡೆಯಿಂದ ಎದುರು ದಿಕ್ಕಿಗೆ ನಡೆಯತೊಡಗಿದರು. ಯಾರ ಮುಖದಲ್ಲೂ ಗಾಬರಿ ಇಲ್ಲ. ಮುಳುಗುವಾಗಲೂ ಇಷ್ಟು ನೆಮ್ಮದಿಯೇ ಎಂದು ನಾನು ಮೊಸರನ್ನ ಹಿಡಿದು ನಿಂತೆ. ಒಬ್ಬ ಸಿಬ್ಬಂದಿ ಬಂದು ನನ್ನ ಕಾರ್ಡು ನೋಡಿ, ‘ಸೇಫ್ಟಿ ಡ್ರಿಲ್ ಮ್ಯಾಡಮ್, ಎಲ್ಲರೂ ಬರಲೇಬೇಕು, ಮುಗಿಯದೆ ಹಡಗು ಹೊರಡುವುದಿಲ್ಲ. ನಿಮ್ಮ ಜಾಗ ಕಾರ್ಡಿನ ಮೇಲೇ ಇದೆ’ ಎಂದ.

‘ನಮ್ಮ ಅತ್ತಿಗೆ ಸಿಗುತ್ತಿಲ್ಲ! ಶುಗರ್ ಇದೆ, ಊಟ ಮಾಡಿಲ್ಲ!’ ಎಂದೆ, ಹರುಕು ಹಿಂದಿಯಲ್ಲಿ.

‘ನಿಮ್ಮದೇ ರೂಮಾ?’

‘ಹೌದು.’

‘ಹಾಗಾದರೆ ಅವರ ಜಾಗವೂ ಅದೇ. ನಡೀರಿ.’

ನಾನು ನಂಬಲಿಲ್ಲ. ನಂಬದಿದ್ದರೆ ಬೇರೆ ದಾರಿಯೂ ಇರಲಿಲ್ಲ. ತಟ್ಟೆ ಹಿಡಿದುಕೊಂಡೇ ಅವನ ಹಿಂದೆ ಮೆಟ್ಟಿಲಿಳಿದೆ. ಅತ್ತಿಗೆಯ ಗಂಡ, ಮಂಚಿಕೇರಿಯ ಭಾವನಿಗೆ ಏನು ಹೇಳುವುದು ಎಂಬ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಅದೊಂದು ದೊಡ್ಡ ನಾಟಕದ ಹಾಲು. ಸಾಲುಸಾಲು ಕುರ್ಚಿ. ವೇದಿಕೆಯ ಮೇಲೆ ಒಬ್ಬ ಹುಡುಗ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು ಸೀಟಿ ಊದಿ ತೋರಿಸುತ್ತಿದ್ದ. ಮೂರನೆಯ ಸಾಲಿನಲ್ಲಿ ಅತ್ತಿಗೆಯ ತುರುಬು ಕಂಡಿತು.

ಹೋಗಿ ಪಕ್ಕದಲ್ಲಿ ಕುಸಿದೆ. ಅತ್ತಿಗೆ ಏನನ್ನೋ ಅಗಿಯುತ್ತಿದ್ದರು.

ಅವರ ಆಚೆ ಹಸಿರು ಒಂಬತ್ತುಗಜ ಸೀರೆಯ ಮರಾಠಿ ಅಜ್ಜಿಯೊಬ್ಬರು. ಮಡಿಲಲ್ಲಿ ಅಲ್ಯೂಮಿನಿಯಂ ಹಾಳೆಯ ಪೊಟ್ಟಣ. ತುಪ್ಪ, ಬೆಲ್ಲ ಸವರಿ ಸುರುಳಿ ಸುತ್ತಿದ ಚಪಾತಿ. ಸೀಟಿ ಊದುವ ಹುಡುಗನಿಗೆ ಕಾಣದ ಹಾಗೆ, ಮುಂದಿನ ಕುರ್ಚಿಯ ಮರೆಯಲ್ಲಿ, ಒಂದೊಂದೇ ತುಂಡು ಅತ್ತಿಗೆಯ ಕೈಗೆ ದಾಟಿಸುತ್ತಿದ್ದರು. ‘ಘ್ಯಾ ಹೋ, ಘ್ಯಾ.’ ತಗೊಳ್ಳಿ, ತಗೊಳ್ಳಿ.

‘ಎಲ್ಲಿಗೆ ಹೋಗಿದ್ಯೇ?’ ಅತ್ತಿಗೆಯೇ ನನ್ನನ್ನು ಕೇಳಿದರು!

ಆದದ್ದಿಷ್ಟು. ಡ್ರಿಲ್ಲಿಗೆ ಜನರನ್ನು ಮೊದಲೇ ಸೇರಿಸುತ್ತಿದ್ದ ಸಿಬ್ಬಂದಿ ಅತ್ತಿಗೆಯ ಕಾರ್ಡು ನೋಡಿ, ಕೈ ಹಿಡಿದು ತಂದು ಇಲ್ಲಿ ಕೂರಿಸಿದ್ದರು. ತಲೆ ತಿರುಗುತ್ತಿತ್ತಂತೆ. ಪಕ್ಕದ ಅಜ್ಜಿ ಮುಖ ನೋಡಿದರಂತೆ. ‘ಜೇವಣ್ ಝಾಲಂ ಕಾ?’ ಎಂದರಂತೆ. ಊಟ ಆಯ್ತೇ ಎಂದು ಕೇಳಿದ್ದು ಅತ್ತಿಗೆಗೆ ಅರ್ಥವಾಗದೆ ಇರುತ್ತದೆಯೇ? ಇಲ್ಲವೆಂದು ತಲೆಯಾಡಿಸಿದರು. ಪೊಟ್ಟಣ ಬಿಚ್ಚಿಕೊಂಡಿತು.

‘ಎರಡು ಸಲ ಬೇಡ ಹೇಳ್ದೆ. ಅಜ್ಜಿ ಬಿಟ್ಟಿದ್ದೇ ಇಲ್ಲೆ’ ಎಂದರು ಅತ್ತಿಗೆ, ಒಳ್ಳೆ ಮನೆಗೆ ಹೋಗಿ ಬಂದವರ ಗತ್ತಿನಲ್ಲಿ.

ನಾನು ತಟ್ಟೆಯ ಮುಚ್ಚಳ ತೆಗೆದೆ. ಸಾಲಿನ ತುದಿಯಲ್ಲಿದ್ದ ಹುಡುಗಿ ಓಡಿ ಬಂದು, ‘ಡ್ರಿಲ್ ನಡೆಯುವಾಗ ತಿನ್ನುವ ಹಾಗಿಲ್ಲ ಮ್ಯಾಡಮ್’ ಎಂದಳು. ಬೈಸಿಕೊಂಡವಳು ನಾನು. (ಹಿಂದಿನ ಸಾಲಿನಲ್ಲಿ ಡ್ರಿಲ್ ಮುಗಿಸಿದ ಇವರು ಆಮೇಲೆ ಒಂದು ಪೊಟ್ಟಣ ಬಿಸ್ಕೆಟ್ ಹಿಡಿದು, ಗೆದ್ದವರ ಹಾಗೆ ಬಂದರು.)

ಈಗ ಸಿದ್ದಾಪುರದ ಓದುಗರಿಗೆ ನಾನೇನು ಹೇಳಲಿ? ಹತ್ತಿದ ಕೂಡಲೇ ಊಟಕ್ಕೆ ಹೋಗಿ, ಯಾರೂ ಕರೆಯುವುದಿಲ್ಲ ಎಂದೇ? ಹೇಳಬಹುದು. ಆದರೆ ಒಬ್ಬರು ಕರೆದೇ ಕರೆದರಲ್ಲ. ಕರೆಯದಿದ್ದರೆ ಅತ್ತಿಗೆಯ ಗತಿ ಏನಾಗುತ್ತಿತ್ತು? ಕರೆಯಲೆಂದು ಕಾದು ಕೂತದ್ದರಿಂದಲೇ ಅಲ್ಲವೇ ಆ ಗತಿ ಬಂದದ್ದು? ನನಗೆ ಗೋಜಲು.

ಸಂಜೆ ಹಡಗು ಹೊರಟಿತು. ಜನ ಮೇಲೆ ನಿಂತು ಕೈ ಬೀಸಿದರು, ಕುಣಿದರು. ಸಮುದ್ರ ನೋಡಲು ಬಂದ ಅತ್ತಿಗೆ ಸಮುದ್ರಕ್ಕೆ ಬೆನ್ನು ಹಾಕಿ ಜನರ ಮುಖ ನೋಡುತ್ತಿದ್ದರು. ಹಸಿರು ಸೀರೆ ಹುಡುಕುತ್ತಿದ್ದರು.

‘ರಾತ್ರಿ ಊಟಕ್ಕೆ ಆ ಅಜ್ಜಿಯ ಕರೆಯಲೇ ಬೇಕು. ಮಧ್ಯಾಹ್ನ ಅದರ ಊಟ ಆನು ತಿಂದಿದ್ದೆ.’

‘ಹೆಸರು ಕೇಳಿದ್ಯನೇ ಅತ್ಗೆ?’

‘ಉಂಬವು ಯಾರಾದ್ರೂ ಹೆಸರು ಕೇಳ್ತ್ವನೇ?’

ಊಟದ ಹಾಲಿನ ಬಾಗಿಲಲ್ಲಿ ಕಾದೆವು. ಅಜ್ಜಿ ಬರಲಿಲ್ಲ. ಅತ್ತಿಗೆ ರಾತ್ರಿಯ ಮಾತ್ರೆಯನ್ನು ಅಂಗೈಯಲ್ಲಿ ಹಿಡಿದೇ ನಿಂತಿದ್ದರು. ನುಂಗಲೊಲ್ಲರು. ಕೊನೆಗೆ ರಿಸೆಪ್ಷನ್ನಿಗೆ ಹೋದೆವು. ಹೆಸರಿಲ್ಲದೆ, ರೂಮ್ ನಂಬರಿಲ್ಲದೆ ಹುಡುಕಿಕೊಡಲಾಗದು ಎಂದಳು ಅಲ್ಲಿಯ ಹುಡುಗಿ, ಬಹಳ ವಿನಯದಿಂದ. ಮೈಕಿನಲ್ಲಿ ಕರೆಯುವಿರಾ ಎಂದೆ. ‘ಎಮರ್ಜೆನ್ಸಿ ಇದ್ದರೆ ಮಾತ್ರ, ಮ್ಯಾಡಮ್.’

‘ಎಂತ ಹೇಳ್ತಡ?’ ಅತ್ತಿಗೆ ಕೇಳಿದರು. ಹೇಳಿದೆ.

ಅತ್ತಿಗೆ ಕೌಂಟರಿನ ಮೇಲೆ ಕೈಯೂರಿ, ಆ ಹುಡುಗಿಯ ಮುಖವನ್ನೇ ನೋಡುತ್ತ, ನನಗೆ ಹೇಳಿದರು:

‘ಉಂಬ ಹೊತ್ತಾತು, ಆ ಅಜ್ಜಿ ಇನ್ನೂ ಬಂದಿದ್ದಿಲ್ಲೆ. ಇದಕ್ಕಿಂತ ದೊಡ್ಡ ಎಮರ್ಜೆನ್ಸಿ ಯಾವುದು ಹೇಳಿ ಕೇಳು.’

ಹುಡುಗಿ ನನ್ನ ಕಡೆ ತಿರುಗಿ ಕಾಯುತ್ತಿದ್ದಳು. ಇದನ್ನು ನಾನು ಇಂಗ್ಲಿಷಿನಲ್ಲಿ ಹೇಗೆ ಕೇಳಬೇಕಿತ್ತು, ನೀವೇ ಹೇಳಿ?