ಸಪ್ಪನ ಸಾರಿನ ಅತಿಥಿ

ಯಲಬುರ್ಗಾದ ನಮ್ಮ ಮನೆಯ ಒಲೆಯ ಮೇಲೆ ಕೆಲವು ಕಾಲ ಎರಡು ಪಾತ್ರೆಗಳಲ್ಲಿ ಸಾರು ಕುದಿಯುತ್ತಿತ್ತು. ಉಪ್ಪಿಗಿಂತ ರುಚಿಯಿಲ್ಲವೆಂಬ ಗಾದೆಯನ್ನು ನಿಮ್ಮಂತೆಯೇ ನಂಬಿದ ನನಗೆ, ಸಪ್ಪನೆಯ ಆ ಎರಡನೆಯ ಪಾತ್ರೆಯನ್ನು ಕಂಡರಾಗುತ್ತಿರಲಿಲ್ಲ. ಅದು ನಮ್ಮ ಅತ್ತೆಯದು. ರಕ್ತದೊತ್ತಡಕ್ಕೆ ಮಾತ್ರೆ ಕೊಟ್ಟ ವೈದ್ಯರು "ಉಪ್ಪು ಕಡಿಮಿ ಮಾಡ್ರಿ" ಎಂದಿದ್ದರಷ್ಟೇ. ಬೇವೂರು ತವರಿನ ಈ ಹಟಮಾರಿ ಮಗಳಿಗೆ ಕಡಿಮೆಯೆಂಬುದು ಒಂದು ಅಳತೆಯೇ? ಹಿಡಿದರೆ ವ್ರತ, ಬಿಟ್ಟರೆ ಪಾಪ. ದೇವರ ಜಗಲಿಗೆ ಕೈಮುಗಿದು ಉಪ್ಪನ್ನೇ ತೊರೆದರು.

ಬರಬರುತ್ತ ಅವರ ಕಾಲು ಅವರ ಮಾತು ಕೇಳದಾಯಿತು. ಹಾಡುಹಗಲೇ, ಪಡಸಾಲೆಯಲ್ಲಿ ಸುಮ್ಮನೆ ಕುಳಿತಾಗ, ಮೀನಖಂಡದ ಚರ್ಮದಡಿ ಏನೋ ಮಿಸುಕುತ್ತಿತ್ತು. ಕೈಯಿಟ್ಟರೆ ನಿಲ್ಲುತ್ತಿತ್ತು, ತೆಗೆದರೆ ಮತ್ತೆ ಶುರು. "ಇರುವಿ ಹರದಂಗ ಆಗತೈತಿ" ಎಂದು ಅವರು ನಗುತ್ತಿದ್ದರು. ನನಗೆ ಮಾತ್ರ ಭಯ. ಅಷ್ಟರಲ್ಲಿ, ತೀರಿಹೋದ ನಮ್ಮ ಮಾವ ಮನೆಗೆ ಬರತೊಡಗಿದರು.

"ಬಾಗಲದಾಗ ನಿಂತಾರ. ಒಳಗ ಕರಿಯವಾ" ಎನ್ನುತ್ತಿದ್ದರು ಅತ್ತೆ. ಹೊಸ್ತಿಲಲ್ಲಿ ಬಿಸಿಲೊಂದೇ ಇರುತ್ತಿತ್ತು. ಸುಳ್ಳೇಕೆ ಹೇಳಲಿ, ಆ ಬಿಸಿಲನ್ನು ದಾಟಿ ಹೋಗಲು ನನಗೆ ಧೈರ್ಯ ಸಾಲುತ್ತಿರಲಿಲ್ಲ.

ಕೊಪ್ಪಳದ ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. "ಮಾತ್ರಿ ನೀರಿನ ಜೋಡಿ ಉಪ್ಪೂ ಹೊರಗ ಹಾಕೈತಿ, ಇವರು ಒಳಗ ಹಾಕೇ ಇಲ್ಲ. ನರಕ್ಕೂ ತಲಿಗೂ ಉಪ್ಪು ಬೇಕ್ರಿ. ಹಿಂಗ ಬಿಟ್ರ ಜೀವಕ್ಕ ಕುತ್ತು" ಎಂದು ಮಾತ್ರೆ ಬದಲಿಸಿ, ಇವತ್ತೇ ಹಿತಮಿತವಾಗಿ ಉಪ್ಪು ಹಾಕಿ ಉಣಿಸಿ, ಉಣ್ಣದಿದ್ದರೆ ದವಾಖಾನೆಗೆ ಸೇರಿಸಿ ಎಂದರು. 'ನಾನು' ಎಂದು ಮೆರೆಯುವ ನಾವು, ಇರುವವರನ್ನೂ ಇಲ್ಲದವರನ್ನೂ ಬೇರೆಬೇರೆಯಾಗಿ ಕಾಣುವುದು ಒಂದು ಚಿಟಿಕೆ ಉಪ್ಪಿನ ದಯೆಯಿಂದಲೇ ಎಂದು ನನಗೆ ಅಂದು ತಿಳಿಯಿತು.

ಮನೆಗೆ ಬಂದ ಮೇಲೂ ಅತ್ತೆ ಉಪ್ಪಿನ ತುತ್ತಿಗೆ ಬಾಯಿ ತೆರೆಯಲಿಲ್ಲ. ವ್ರತ ಮುರಿಯುವುದುಂಟೇ? ಬೇಡಿದೆ, ಬೈದೆ, ಕಣ್ಣೀರು ಹಾಕಿದೆ. ಕೊನೆಗೆ ಹೊಸ್ತಿಲ ಕಡೆ ತಿರುಗಿ, ಯಾರದೋ ಮಾತು ಕೇಳಿಸಿಕೊಂಡವಳಂತೆ ನಿಂತು ಹೇಳಿದೆ: "ಅತ್ತೀ, ಮಾವನೋರು ಸಪ್ಪನ ಸಾರು ಒಲ್ಲೆ ಅಂತಾರ್ರಿ. ನೀವ ಉಪ್ಪು ಹಾಕಿ, ಜೋಡಿ ಕುಂತು ಉಣ್ಣಬೇಕಂತ."

ಅತ್ತೆಯ ಮುಖ ಮದುವಣಗಿತ್ತಿಯದಾಯಿತು. ತಾವೇ ಎದ್ದು ಉಪ್ಪು ಹಾಕಿದರು, ಅಂಗೈಗೆ ಸುರಿದುಕೊಂಡು ರುಚಿ ನೋಡಿದರು, ಎರಡು ತಾಟು ಬಡಿಸಿ ಒಂದರಲ್ಲಿ ತಾವು ಉಂಡರು. ಮುಂದೆಯೂ ಹಾಗೆಯೇ ಉಂಡರು.

ಕಾಲು ಶಾಂತವಾದವು. ಬಾಗಿಲೂ ಬರಿದಾಯಿತು. ಒಂದು ಮಧ್ಯಾಹ್ನ ಅತ್ತೆ, ಎದುರಿನ ತಾಟಿನಲ್ಲಿ ಆರಿಹೋದ ಸಾರನ್ನು ನೋಡುತ್ತ ಮೆಲ್ಲಗೆ ಕೇಳಿದರು: "ಯಾಕವಾ, ಇತ್ತಿತ್ಲಾಗ ಬರವಲ್ರು? ಅವತ್ತ ಉಪ್ಪು ಜಾಸ್ತಿ ಆಗಿತ್ತೇನು?"

"ಇಲ್ರಿ ಅತ್ತಿ," ಎಂದೆ, "ಸರಿ ಆಗಿತ್ತು."