ಒಂದಡಿ ತಗ್ಗಿದ ಕಾವಲಿ

ಎರಡು ವಾರದ ಹಿಂದಿನ ಮಾತು. ನಮ್ಮ ಹೋಟೆಲಿನ ದೋಸೆ ಭಟ್ಟರು ಸೀತಾರಾಮಣ್ಣ ಸಟ್ಟುಗವನ್ನು ತೊಳೆದು, ಒರೆಸಿ, ನನ್ನ ಕೈಗೆ ಕೊಟ್ಟರು.

"ಇದು ನಿಮ್ಮತ್ರವೇ ಇರ್ಲಿ. ಮಂಡಿ ಕೇಳುದಿಲ್ಲ ಮಾರಾಯ್ರೆ. ಇನ್ನು ನನ್ನಿಂದ ನಿಲ್ಲಲಿಕ್ಕೆ ಆಗುದಿಲ್ಲ."

ಕೋಲ್ಕತ್ತದ ಆಫೀಸು ಕೇರಿ ಬಿಬಿಡಿ ಬಾಗ್‌ನ ಹಿಂದಿನ ಗಲ್ಲಿಯಲ್ಲಿರುವ ನಮ್ಮ ಹೋಟೆಲಿನ ಕಾವಲಿ ಎದುರು ಮೂವತ್ತು ವರ್ಷ ನಿಂತವರು ಅವರು. ಈಗ ಅರವತ್ತೆರಡು. (ನನಗೆ ಐವತ್ತೆಂಟು. ಈ ಅಂಕಣದ ಫೋಟೋ ನೋಡಿ ಮೋಸ ಹೋಗಬೇಡಿ.) ನಾನು ಟೈಫಾಯಿಡ್ ಬಂದು ಎರಡು ತಿಂಗಳು ಮಲಗಿದ್ದಾಗ ಹೋಟೆಲ್ ಒಂದು ದಿನವೂ ಬಾಗಿಲು ಹಾಕಲಿಲ್ಲ. ಅದು ಅವರ ಪುಣ್ಯ. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಈ ಅಡುಗೆಮನೆಯೇ ಮನೆ. ಮಕ್ಕಳಿಲ್ಲ, ಊರಲ್ಲಿ ಯಾರೂ ಉಳಿದಿಲ್ಲ. ಕಾವಲಿ ಬಿಟ್ಟು ಹೋಗುವುದಾದರೂ ಎಲ್ಲಿಗೆ?

ಇಷ್ಟೆಲ್ಲ ಗೊತ್ತಿದ್ದೂ ನನ್ನ ತಲೆಗೆ ಮೊದಲು ಬಂದದ್ದೇನು ಗೊತ್ತೇ? ನಾಳೆ ದೋಸೆ ಹೊಯ್ಯುವವರು ಯಾರು ಎಂಬುದು! ನಾಚಿಕೆಯಾಗುತ್ತದೆ. ಆದರೂ ನಿಮ್ಮ ಹತ್ತಿರ ಮುಚ್ಚಿಡುವುದೇನು?

ಬೇರೆಯವರು ಸಿಗುವವರೆಗಾದರೂ ಇರಿ ಎಂದು ಕೈಮುಗಿದೆ. ಅವತ್ತೇ ಒಂದು ಎತ್ತರದ ಸ್ಟೂಲ್ ತಂದುಕೊಟ್ಟೆ. ದೊಡ್ಡ ಉಪಕಾರ ಮಾಡಿದವನ ಹಾಗೆ ಬೀಗಿದೆ ಕೂಡ. ಮರುದಿನ ನೋಡಿದರೆ ಸ್ಟೂಲಿನ ಮೇಲೆ ಹಿಟ್ಟಿನ ಪಾತ್ರೆ ಕೂತಿದೆ. ಸೀತಾರಾಮಣ್ಣ ಪಕ್ಕದಲ್ಲಿ ಭಾರವನ್ನು ಆ ಕಾಲಿಂದ ಈ ಕಾಲಿಗೆ ಬದಲಿಸುತ್ತ ನಿಂತಿದ್ದಾರೆ.

"ಗಿರಾಕಿಗಳ ಎದುರು ಕೂತ್ಕೊಂಡು ದೋಸೆ ಹೊಯ್ಯುದಾ? ಭಟ್ಟನಿಗೆ ಸೋಮಾರಿತನ ಬಂತು ಅಂತಾರೆ. ಆಮೇಲೆ, ಇದರ ಮೇಲೆ ಕೂತ್ರೆ ಕೈಯೂ ಸರಿ ಆಡುದಿಲ್ಲ."

ಸಂಜೆ ಮಗಳ ಹತ್ತಿರ ಗೊಣಗಿದೆ. ಅವಳು ಸಾಲ್ಟ್ ಲೇಕ್‌ನ ಒಂದು ಆಫೀಸಿನಲ್ಲಿದ್ದಾಳೆ.

"ಅಪ್ಪ, ನಮ್ಮ ಆಫೀಸಲ್ಲಿ ಒಬ್ರು ಅಂಕಲ್‌ಗೆ ಬ್ಯಾಕ್ ಪ್ರಾಬ್ಲಂ. ಅವರ ಟೇಬಲ್ಲೇ ಚೇಂಜ್ ಮಾಡಿದ್ರು. ನೀನು ಓನ್ಲಿ ಸ್ಟೂಲ್ ಕೊಟ್ಟಿ. ಕಾವಲಿ ಸೇಮ್ ಹೈಟಲ್ಲೇ ಉಂಟಲ್ಲ?"

(ಅವಳ ಕನ್ನಡ ಹೀಗೆಯೇ. ಲೆಕ್ಕಾಚಾರ ಮಾತ್ರ ಪಕ್ಕಾ.)

ಹೌದಲ್ಲ ಅನ್ನಿಸಿತು. ಕೂಡಲೇ ಅಮ್ಮ ನೆನಪಾದಳು. ನೆಲದ ಒಲೆಯ ಮುಂದೆ ಮಣೆ ಹಾಕಿ ಕೂತು ಹನ್ನೆರಡು ಜನರಿಗೆ ದೋಸೆ ಹೊಯ್ಯುತ್ತಿದ್ದಳು.

ಬೆಳಿಗ್ಗೆ ಹೋದವನೇ ಕೇಳಿದೆ. "ಸೀತಾರಾಮಣ್ಣ, ನಿಮ್ಮ ಅಮ್ಮ ನಿಂತು ದೋಸೆ ಹೊಯ್ತಿದ್ರಾ?"

ಅವರ ಕೈ ನಿಂತಿತು. ಕಾವಲಿ ಮೇಲಿನ ದೋಸೆಯ ಅಂಚು ಕಪ್ಪಾಯಿತು.

"ಇಲ್ಲಪ್ಪ. ಮಣೆ ಮೇಲೆ ಕೂತ್ಕೊಂಡೇ."

"ಯಾರಾದ್ರೂ ಅವರನ್ನು ಸೋಮಾರಿ ಅಂದಿದ್ರಾ?"

ಅವರು ಕರಟಿದ ದೋಸೆಯನ್ನು ಪಕ್ಕಕ್ಕೆ ಸರಿಸಿ ಕಾವಲಿಗೆ ನೀರು ಚಿಮುಕಿಸಿದರು.

ಭಾನುವಾರ ಆಫೀಸುಗಳಿಗೆ ರಜೆ, ನಮಗೂ ರಜೆ. ವೆಲ್ಡರ್ ಬಂದು ಕಾವಲಿ ಸ್ಟ್ಯಾಂಡಿನ ಕಾಲುಗಳನ್ನು ಒಂದಡಿ ಕತ್ತರಿಸಿದ. ಬೆನ್ನಿಗೆ ಆಸರೆ ಇರುವ ಅಗಲದ ಕುರ್ಚಿಯೊಂದು ಬಂತು. ಸೋಮವಾರ ಸೀತಾರಾಮಣ್ಣ ಸಂಕೋಚದಿಂದಲೇ ಕೂತರು. ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಗಿರಾಕಿಗಳ ಮುಖವನ್ನೇ ನೋಡುತ್ತಿದ್ದೆ. ಯಾರೂ ಏನೂ ಅನ್ನಲಿಲ್ಲ. ದಿನಾ ಬರುವ ವಯಸ್ಸಾದ ಬಂಗಾಳಿ ಬಾಬು ಒಬ್ಬರು ಮಾತ್ರ ಇಣುಕಿ ನೋಡಿ, "ಖೂಬ್ ಭಾಲೋ", ಬಹಳ ಒಳ್ಳೆಯದಾಯಿತು, ಎಂದು ಇನ್ನೊಂದು ದೋಸೆ ಹೇಳಿದರು.

ಮಧ್ಯಾಹ್ನ ಸೀತಾರಾಮಣ್ಣ ಸಟ್ಟುಗ ತೊಳೆದರು. ಮತ್ತೆ ನನ್ನ ಕೈಗೇ ಕೊಡುತ್ತಾರೇನೋ ಅಂದುಕೊಂಡೆ. ಅವರು ಅದನ್ನು ಹಳೆಯ ಮೊಳೆಗೇ ತೂಗುಹಾಕಿ, "ನಾಳೆಗೆ ಹಿಟ್ಟು ಸ್ವಲ್ಪ ಜಾಸ್ತಿ ರುಬ್ಬಿಸಿ" ಎಂದರು. ಇವರು ಉಳಿದರಲ್ಲ, ಅಷ್ಟು ಸಾಕು. ಮಗಳಿಗೂ ಅಮ್ಮನಿಗೂ ಮನಸ್ಸಿನಲ್ಲೇ ಕೈಮುಗಿದೆ.

ಈಗ ಕಂಡವರೆಲ್ಲ ನನ್ನದು ದೊಡ್ಡ ಮನಸ್ಸು ಅನ್ನುತ್ತಿದ್ದಾರೆ. ಆದರೆ ಮೂವತ್ತು ವರ್ಷ ಅವರೆದುರೇ ಗಲ್ಲಾದಲ್ಲಿ ಮೆತ್ತೆ ಹಾಕಿಕೊಂಡು ಕೂತಿದ್ದೆನಲ್ಲ, ನನ್ನನ್ನು ಯಾರಾದರೂ ಸೋಮಾರಿ ಅಂದಿದ್ದರೇ?